ಅತ್ತೆಯ ಮನೆಯ ಕಾಗದದ ಬಾಗಿಲು

"ರೈಲು ಮತ್ತೆ ಶುರುವಾಯ್ತಂತೆ ಕಣೇ ಚಿಸಾಟೊ! ಈಗ ತಾನೇ ಪಕ್ಕದ ಮನೆಯವರು ಹೇಳಿದ್ರು!" ಮಾಡಿನ ಮೇಲಿನಿಂದ ಅಣ್ಣ ಯೋಶಿಹಿಕೊ ಕೂಗಿ ಹೇಳಿ, ಒಂದು ಸಲಿಕೆ ಹಿಮವನ್ನು ಅಂಗಳಕ್ಕೆ ದೂಡಿದ. ಅದು ದೊಪ್ಪನೆ ಬಿತ್ತು.

ಒಳ್ಳೆಯ ಸುದ್ದಿ ಎಂದುಕೊಂಡೇ ಹೇಳಿದ್ದ, ಪಾಪ. ಬಾಗಿಲಲ್ಲಿ ನಿಂತಿದ್ದ ಚಿಸಾಟೊಗೆ ಎದೆ ಧಸಕ್ಕೆಂದಿತು. "ಹೌದಾ? ಸದ್ಯ ಬಿಡು," ಎಂದು ನಗುವಿನಂಥದ್ದೇನನ್ನೋ ನಕ್ಕು ಒಳಗೆ ಬಂದಳು.

ಎರಡು ದಿನಕ್ಕೆಂದು ತವರಿಗೆ ಬಂದವಳು ಅವಳು. ಗಂಡ ಕೆಲಸದ ಮೇಲೆ ಒಸಾಕಕ್ಕೆ ಹೋಗಿದ್ದಾನೆ, ಮಕ್ಕಳಿಗೆ ಹಿಮ ತೋರಿಸಿಕೊಂಡು ಹೋಗೋಣ ಅಂತ ಬಂದೆ ಎಂದಿದ್ದಳು. ಮರುದಿನವೇ ಹಿಮ ಸುರಿದು ರೈಲು ನಿಂತಿತು. ಊರಿಗೆ ಊರೇ ಆಕಾಶಕ್ಕೆ ಶಾಪ ಹಾಕುತ್ತಿದ್ದರೆ ಇವಳೊಬ್ಬಳು ಇನ್ನಷ್ಟು ಬೀಳಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು. ಗಂಡ ಒಸಾಕಕ್ಕೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಓಮಿಯಾ ನಗರದ ತಮ್ಮ ಮನೆಯಲ್ಲೇ ಇದ್ದ. ಮೊದಲು ಕೂಗಾಟ, ಆಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯುವುದು. ಈ ಸಲ ಎಸೆದ ಸಾರಿನ ಬಟ್ಟಲು ನಾಲ್ಕು ವರ್ಷದ ಮಗ ತೋಮನ ಪಕ್ಕದ ಗೋಡೆಗೆ ಬಡಿದು ಚೂರಾಗಿತ್ತು. ಆ ಚೂರನ್ನೆಲ್ಲ ಗುಡಿಸಿ, ಮಕ್ಕಳ ಬೇಸಿಗೆ ಬಟ್ಟೆಯನ್ನೂ ಚೀಲಕ್ಕೆ ತುಂಬಿಕೊಂಡು ಅವಳು ಹೊರಟು ಬಂದಿದ್ದಳು.

ಇಲ್ಲೇ ಇರಲಾ ಎಂದು ಒಂದು ಮಾತು ಕೇಳಬೇಕಿತ್ತು, ಅಷ್ಟೆ. ಕೇಳಬೇಕಾದ್ದು ಅಣ್ಣನನ್ನಲ್ಲ. ಅವನು ಇನ್ನೊಂದು ಬಟ್ಟಲು ಅನ್ನ ಬಡಿಸಿಕೊಳ್ಳುವುದಕ್ಕೂ ಹೆಂಡತಿಯ ಮುಖ ನೋಡುವವನು. ಅಮ್ಮ ತೀರಿಕೊಂಡ ಮೇಲೆ ತವರು ಅಂದರೆ ಅತ್ತಿಗೆ ಕಿನುಯೋಳ ಮನೆ. ಅತ್ತಿಗೆ ಕೆಟ್ಟವಳೆಂದು ಯಾರೂ ಹೇಳುವ ಹಾಗಿಲ್ಲ. ಆದರೆ ಹೊಸ್ತಿಲ ಬಳಿ ಬಿಟ್ಟ ಚಪ್ಪಲಿ ಚೂರು ಓರೆಯಾಗಿದ್ದರೂ ಬಗ್ಗಿ ನೇರ ಮಾಡಿಯೇ ಮುಂದೆ ಹೋಗುವವಳು. ಮಕ್ಕಳಿಲ್ಲದ ಮನೆ, ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಪ್ರತಿ ವರ್ಷದ ಹಾಗೆ ಈ ಸಲವೂ ಹೊಸ ವರ್ಷಕ್ಕೆ ಮುಂಚೆ ನಡುಮನೆಯ ಜಾರುಬಾಗಿಲುಗಳ ಮರದ ಚೌಕಗಳಿಗೆಲ್ಲ ಒಬ್ಬಳೇ ಮಂಡಿಯೂರಿ ಕೂತು ಹೊಸ ಕಾಗದ ಹಚ್ಚಿದ್ದಳು. ಎಲ್ಲೂ ಒಂದು ಸುಕ್ಕಿಲ್ಲ.

ಅಡುಗೆಮನೆಯಲ್ಲಿ ಕಿನುಯೋ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದಳು. ಚಿಸಾಟೊ ಕೂಸು ವಾಕಾಳನ್ನು ಬೆನ್ನಿಗೆ ಕಟ್ಟಿಕೊಂಡು, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಕಿಟಕಿಯ ಹತ್ತಿರ ಹೋದಳು, ಬಂದಳು. ಕೂತಳು, ಎದ್ದಳು.

"ಒಂದು ಕಡೆ ಕೂರಬಾರ್ದೇನೇ? ನೀನು ಸುತ್ತೋದು ನೋಡಿ ನನಗೆ ತಲೆ ಸುತ್ತು ಬರ್ತಿದೆ."

"ಅತ್ತಿಗೆ..."

"ಏನು?"

"ಮೂಲಂಗಿ ಈ ಸಲ ಚೆನ್ನಾಗಿ ಬಂದಿದೆ, ಅಲ್ವಾ?"

"ಬೆಳಿಗ್ಗೆಯಿಂದ ಇದು ಮೂರನೇ ಸಲ ಹೇಳ್ತಿದೀಯ. ಆ ಮೂಲಂಗಿಗೇ ನಾಚಿಕೆ ಆಗಿರಬೇಕು."

ಚಿಸಾಟೊ ಮತ್ತೊಂದು ತಟ್ಟೆ ಎತ್ತಿಕೊಂಡಳು. ಮಾಡಿನಿಂದ ಮತ್ತೆ ಹಿಮ ಬಿತ್ತು, ಪಾತ್ರೆಗಳು ಅದುರಿದವು. ಸಾಯಂಕಾಲದೊಳಗೆ ಅಣ್ಣ ಕೆಳಗಿಳಿದು ಟಿಕೆಟ್ಟಿನ ಮಾತೆತ್ತುತ್ತಾನೆ. ಅಷ್ಟರೊಳಗೆ ಕೇಳಬೇಕು. ಈಗಲೇ ಕೇಳಬೇಕು. ಬೇಡ ಅಂದುಬಿಟ್ಟರೆ ಈ ಎರಡು ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಅದೇ ಮನೆಯ ಬಾಗಿಲು ತಟ್ಟಬೇಕು.

ಕಿನುಯೋಳ ಚಾಕು ನಿಂತಿತು. "ತೋಮನ ಸದ್ದೇ ಇಲ್ವಲ್ಲ?"

ಇಬ್ಬರೂ ನಡುಮನೆಗೆ ಓಡಿದರು. ತೋಮ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ನಿಂತಿದ್ದ. ನಾಲ್ಕೂ ಬಾಗಿಲುಗಳ ಹೊಸ ಕಾಗದ ಚಿಂದಿಯಾಗಿ ಚಾಪೆಯ ಮೇಲೆಲ್ಲ ಬಿದ್ದಿತ್ತು. ಖಾಲಿ ಚೌಕಗಳಿಂದ ಹಜಾರದ ಚಳಿ ಸೀದಾ ಒಳಗೆ ನುಗ್ಗುತ್ತಿತ್ತು.

"ಅತ್ತೇ, ನೋಡು! ಈ ಸಲ ಮೇಲಿನ್ದೂ ನಾನೇ ಹರಿದೆ!"

ಹೋದ ಸಲ ಅವನು ಬಂದಿದ್ದು ವರ್ಷದ ಕೊನೆಯಲ್ಲಿ. ಹಳೆಯ ಕಾಗದ ಕೀಳುವ ದಿನ ಮಕ್ಕಳಿಗೆ ಹಬ್ಬ. "ಹರಿಯೋ ರಾಜಾ, ಎಷ್ಟು ಬೇಕಾದ್ರೂ ಹರಿ," ಎಂದು ಕಿನುಯೋಳೇ ಅವನ ಬೆರಳು ಹಿಡಿದು ಮೊದಲ ತೂತು ಮಾಡಿಸಿದ್ದಳು. ಅತ್ತೆಯ ಮನೆಗೆ ಬರುವುದೆಂದರೆ ಬಾಗಿಲು ಹರಿಯುವುದಕ್ಕೇ ಎಂದು ಹುಡುಗ ತಿಳಿದುಕೊಂಡಿದ್ದ. ಹಳೆಯದು ಯಾವುದು, ಹೊಸದು ಯಾವುದು ಅವನಿಗೇನು ಗೊತ್ತು?

ಚಿಸಾಟೊ ಆ ಚಿಂದಿಗಳನ್ನು ನೋಡಿದಳು. ಇನ್ನು ಕೇಳುವುದಕ್ಕೆ ಮುಖವೆಲ್ಲಿ ಉಳಿಯಿತು? "ಏನೋ ಮಾಡಿದೆ, ದರಿದ್ರವೇ!" ಎಂದು ಕೈ ಎತ್ತಿದಳು.

ತೋಮ ಅಳಲಿಲ್ಲ, ಓಡಲೂ ಇಲ್ಲ. ದಿಂಬಿನಿಂದ ಸರ್ರನೆ ಇಳಿದು ಗೋಡೆಯ ಮೂಲೆಗೆ ಹೋಗಿ, ಮಂಡಿ ಮಡಿಸಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮುದುಡಿ ಕುಳಿತ. ದಿನಾ ಮಾಡುವ ಕೆಲಸದ ಹಾಗೆ, ಅಷ್ಟು ಸಲೀಸಾಗಿ.

ಚಿಸಾಟೊಳ ಕೈ ಎತ್ತಿದಲ್ಲೇ ನಿಂತಿತು. ಕಿನುಯೋ ಹುಡುಗನನ್ನು ನೋಡಿದಳು. ಆಚೆ ಮೂಲೆಯಲ್ಲಿದ್ದ ಉಬ್ಬಿದ ಚೀಲವನ್ನು ನೋಡಿದಳು. ಕೊನೆಗೆ ನಾದಿನಿಯ ಮುಖ ನೋಡಿದಳು.

"ನಿನ್ನ ಗಂಡ ಒಸಾಕಕ್ಕೆ ಹೋಗಿಲ್ಲ, ಅಲ್ವಾ?"

ಚಿಸಾಟೊ ಇಲ್ಲವೆಂದು ತಲೆಯಲ್ಲಾಡಿಸಿದಳು.

ಅಷ್ಟರಲ್ಲಿ ಯೋಶಿಹಿಕೊ ಟೋಪಿಯ ಹಿಮ ಕೊಡವುತ್ತ ಒಳಗೆ ಬಂದವನು ಬಾಗಿಲುಗಳನ್ನು ಕಂಡು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, "ಅಯ್ಯಯ್ಯೋ! ಹೋಗ್ಲಿ ಬಿಡು, ಬೈಬೇಡ. ಈಗಲೇ ಪೇಟೆಯಿಂದ ಕಾಗದ ತರ್ತೀನಿ. ಇವರು ಹೊರಡೋದ್ರೊಳಗೆ ಹಚ್ಚಿಬಿಡೋಣ," ಅಂದ.

"ಬೇಡ," ಅಂದಳು ಕಿನುಯೋ. "ಡಿಸೆಂಬರಿಗೆ ಹಚ್ಚಿದ್ರಾಯ್ತು."

"ಡಿಸೆಂಬರಿಗಾ? ಈಗಿನ್ನೂ ಜನವರಿ ಕಣೇ! ಈ ಚಳೀಲಿ..."

"ಕಂಬಳಿ ಇಳಿಬಿಡಿ. ಮಕ್ಕಳಿರೋ ಮನೇಲಿ ಹೊಸ ಕಾಗದ ಎಷ್ಟು ದಿನ ಬಾಳುತ್ತೆ ಅಂತೀರಾ? ನಿಂತ್ಕೊಂಡು ಏನು ನೋಡ್ತೀರಿ, ಹೋಗಿ, ಕಂಬಳಿ ತನ್ನಿ."

ಯೋಶಿಹಿಕೊ ತಂಗಿಯ ಕಡೆ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಂಬಳಿ ತರಲು ಹೋದ. ಚಿಸಾಟೊ ಬೆನ್ನಿನ ಕೂಸಿನ ಸಮೇತ ಅಲ್ಲೇ ಚಾಪೆಯ ಮೇಲೆ ಕೂತಳು. ಎಷ್ಟು ತಡೆದರೂ ಅಳು ತಡೆಯಲಾಗಲಿಲ್ಲ.

ಕಿನುಯೋ ಮೂಲೆಗೆ ಹೋಗಿ ಹುಡುಗನ ಎದುರು ಮಂಡಿಯೂರಿದಳು. ಪಕ್ಕದ ಬಾಗಿಲಿನ ಕೆಳತುದಿಯಲ್ಲಿ ಒಂದೇ ಒಂದು ಚೌಕದ ಕಾಗದ ಉಳಿದಿತ್ತು.

"ಇದೊಂದು ಬಿಟ್ಟುಬಿಟ್ಟಿದೀಯಲ್ಲೋ ತೋಮ. ಅರ್ಧಂಬರ್ಧ ಕೆಲಸ ನನಗಾಗಲ್ಲ, ನೋಡು."

ಹುಡುಗ ಅಲುಗಲಿಲ್ಲ. ಅವಳು ಅವನನ್ನು ಮುಟ್ಟಲೂ ಇಲ್ಲ, ಕರೆಯಲೂ ಇಲ್ಲ, ಸುಮ್ಮನೆ ಕಾದಳು. ಬಹಳ ಹೊತ್ತಿನ ಮೇಲೆ ಒಂದು ಕೈ ತಲೆಯಿಂದ ಕೆಳಗಿಳಿಯಿತು. ಇನ್ನೊಂದು ಅಲ್ಲೇ ಇತ್ತು. ಇಳಿದ ಕೈಯ ಬೆರಳೊಂದನ್ನು ಆ ಕಾಗದಕ್ಕೆ ಇಟ್ಟು, ತೋಮ ಅತ್ತೆಯ ಮುಖವನ್ನೇ ನೋಡಿದ.