ಮೇಲಿನ ಅರ್ಥ

ಕೊಡದ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ ಹೂಜಿಗೆ ಕೈ ಹಾಕಿದಾಗ ಪಂಡಿತರಾದ ರೆಬ್ ಯೆರೂಹಾಮರಿಗೆ ಮುಚ್ಚಿದ ಕೋಣೆಯಿಂದ ಹೆಂಗಸರ ದನಿ ಕೇಳಿಸಿತು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ಅಕ್ಕಪಕ್ಕದವರೂ ಆಗಲೇ ತಮ್ಮ ಪಾತ್ರೆ ಬರಿದು ಮಾಡಿದ್ದರಿಂದ ಜೆರುಸಲೇಮಿನ ಆ ಯೆಹೂದಿ ಕೇರಿಯ ಕಲ್ಲುಹಾಸು ಬೆಳಗ್ಗೆಯೇ ಒದ್ದೆಯಾಗಿತ್ತು. ಒಳಗೆ ಅವರ ಹೆಂಡತಿ ಡ್ವೋಶೆಯ ದೇಹಕ್ಕೆ ಕೊನೆಯ ಸ್ನಾನ ನಡೆಯುತ್ತಿತ್ತು.

ಗಂಡಸರು ಆ ಕೋಣೆಗೆ ಕಾಲಿಡುವಂತಿಲ್ಲ, ಗಂಡನಾದರೂ ಅಷ್ಟೇ. ತೊಳೆಯುವ ಹೆಂಗಸರು ನೀರು ಹೊಯ್ಯುತ್ತಾ ಧರ್ಮಗ್ರಂಥದ ಪ್ರೇಮಗೀತೆಯ ಕೆಲವು ಸಾಲು ಹೇಳುತ್ತಾರೆ. ಪ್ರಿಯನ ತಲೆ, ಕೂದಲು, ಕಣ್ಣು, ಕೈ ಎಂದು ಒಂದೊಂದೇ ಅಂಗವನ್ನು ಹೊಗಳುವ ಸಾಲು. ಅದರ ಅರ್ಥ ಕೇಳಲೆಂದೇ ಕೇರಿಗೆ ಕೇರಿಯೇ ರೆಬ್ ಯೆರೂಹಾಮರ ಮುಂದೆ ಬಂದು ಕೂರುತ್ತಿತ್ತು. ಗ್ರಂಥದ ಮಾತಿಗೆ ನಾಲ್ಕು ಪದರ, ಮೇಲಿನದು ಬರೀ ಸಿಪ್ಪೆ, ತಿರುಳೆಲ್ಲ ಒಳಗೆ ಎನ್ನುವರು. ಕೂದಲೆಂದರೆ ಕೂದಲಲ್ಲ, ರಾಶಿ ರಾಶಿ ನಿಯಮಗಳು. ಕೈಯೆಂದರೆ ಕೈಯಲ್ಲ, ದೇವರು ಬರೆದುಕೊಟ್ಟ ಕಲ್ಲಿನ ಹಲಗೆ.

ಈಗ ಒಳಗಿನವರು ಕೈಯ ಸಾಲಿಗೆ ಬಂದಾಗ, ಬಾಗಿಲ ಈಚೆ ನಿಂತ ರೆಬ್ ಯೆರೂಹಾಮರಿಗೆ ಹಲಗೆ ನೆನಪಾಗಲಿಲ್ಲ. ಡ್ವೋಶೆಯ ಕೈ ಹೇಗಿತ್ತು ಎಂದು ಯೋಚಿಸಿದರು. ಅದೂ ನೆನಪಾಗಲಿಲ್ಲ. ಒಂದು ಬಾಳಿಡೀ ಬಡಿಸಿದ ಕೈ!

"ಗುರುಗಳೇ, ಹೊತ್ತಾಗತ್ತೆ," ಎಂದು ಶಿಷ್ಯ ಕೋಪೆಲ್ ಬಂದ. "ಅಂಗಳ ತುಂಬ ಜನ. ಎಲ್ರೂ ನಿಮ್ಮ ಮಾತು ಕೇಳೋಕೇ ಬಂದಿರೋದು. ಮಕ್ಕಳಿಲ್ಲ ಮರಿಯಿಲ್ಲ, ಅಮ್ಮನವರ ಬಗ್ಗೆ ನೀವಲ್ದೆ ಯಾರು ಹೇಳ್ತಾರೆ?"

"ಏನು ಹೇಳ್ಲಪ್ಪಾ?"

"ಒಳ್ಳೇ ಕೇಳಿದ್ರಿ! ನಿಮಗೆ ನಾನು ಹೇಳಿಕೊಡೋದಾ? ಯಾವುದಾದ್ರೂ ಒಂದು ಸಾಲು ಹಿಡಿದು ನಾಲ್ಕೂ ಪದರ ಬಿಚ್ಚಿಬಿಡಿ. ಜನ ಅತ್ತುಬಿಡ್ತಾರೆ."

*

ಮದುವೆಯಾದ ಹೊಸತು. ಶುಕ್ರವಾರದ ಮಧ್ಯಾಹ್ನ. ಡ್ವೋಶೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ರೊಟ್ಟಿಗೆ ಹಿಟ್ಟನ್ನು ಜಡೆಯಂತೆ ಹೆಣೆಯುತ್ತಿದ್ದಳು. ಯೆರೂಹಾಮರು ಪಕ್ಕದಲ್ಲೇ ಕೂತು ಅದೇ ಗೀತೆಯನ್ನು ರಾಗವಾಗಿ ಓದುತ್ತಿದ್ದರು.

"ಎಷ್ಟು ಚೆನ್ನಾಗಿದೆ ರೀ," ಅಂದಳು. "ಯಾರೋ ಯಾರನ್ನೋ ಕಣ್ತುಂಬ ನೋಡಿದಾರೆ."

"ಹುಚ್ಚೀ, ಅದು ನೋಡೋ ಮಾತಲ್ಲ. ಅದೆಲ್ಲ ದೇವರು, ಅವನ ಜನ."

"ಹಾಗಾದ್ರೆ ಮೇಲೆ ಬರೆದಿರೋದು ಸುಳ್ಳಾ?"

"ಸುಳ್ಳಲ್ಲ. ಸಿಪ್ಪೆ."

"ಸಿಪ್ಪೆ ಸುಲಿದಿಟ್ಟ ಹಣ್ಣು ಎಷ್ಟು ಹೊತ್ತು ಇರತ್ತೆ ರೀ?" ಎಂದು ನಕ್ಕು, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಅವರ ಮುಂದೆ ಚಾಚಿದಳು. "ಇದಕ್ಕೇನು ಅರ್ಥ, ಹೇಳಿ ನೋಡೋಣ."

"ಪುಸ್ತಕಕ್ಕೆ ಹಿಟ್ಟಾಗತ್ತೆ, ತೆಗಿ."

ತೆಗೆದಳು. ಮತ್ತೆಂದೂ ಕೇಳಲಿಲ್ಲ. ವರ್ಷಗಳು ಕಳೆದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಶಾಲು ಹೊದ್ದು ಹೊರಟುಬಿಡುವ ಅಭ್ಯಾಸ ಶುರುವಾಯಿತು. ಎಲ್ಲಿಗೆಂದರೆ, "ಇಲ್ಲೇ, ಒಬ್ಬರನ್ನ ನೋಡ್ಕೊಂಡು ಬರ್ತೀನಿ," ಎನ್ನುವಳು. ಸಾರು ತಣ್ಣಗಾಯಿತೆಂದು ಇವರು ಗೊಣಗುವರು. ಹೆಂಗಸರ ಹರಟೆ ಚಟ, ಇನ್ನೇನು ಎಂದುಕೊಂಡು ಪುಟ ತಿರುವುವರು.

*

ಬಾಗಿಲು ತೆರೆಯಿತು. ತೊಳೆಯುವವರಲ್ಲಿ ಹಿರಿಯಳಾದ ಬ್ರೈನೆ ಮಡಿಸಿದ ಅಂಗಿಯ ತೋಳುಗಳನ್ನು ಇಳಿಸಿಕೊಳ್ಳುತ್ತಾ ಹೊರಬಂದಳು. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು.

"ಆಯ್ತು ರೆಬ್ ಯೆರೂಹಾಮ್. ಬಿಳಿ ಬಟ್ಟೆ ಉಡಿಸಿ ಮುಖ ಕೈ ಎಲ್ಲ ಮುಚ್ಚಿದ್ದೀವಿ, ಇನ್ನು ಯಾರೂ ತೆರೆಯೋ ಹಾಗಿಲ್ಲ."

"ಬ್ರೈನೆ, ಅವಳ ಕೈ ಹೇಗಿತ್ತು?"

ಬ್ರೈನೆ ಅವರನ್ನೇ ದಿಟ್ಟಿಸಿದಳು. "ಇಷ್ಟು ವರ್ಷ ಅದೇ ಕೈಲಿ ಬಡಿಸ್ಕೊಂಡು ಉಂಡು ಈಗ ನನ್ನ ಕೇಳ್ತೀರಲ್ಲ! ದೀಪದ ಬುಡ ಕತ್ತಲೆ ಅಂತ ಸುಮ್ನೆ ಅಂದ್ರಾ? ಒಳಗೆ ಕಂಡಿದ್ದನ್ನ ಹೊರಗೆ ಹೇಳೋ ಹಾಗಿಲ್ಲ, ಅದು ನಿಮಗೇ ಗೊತ್ತು." ಹೊರಟವಳು ಎರಡು ಹೆಜ್ಜೆಗೇ ನಿಂತಳು. "ಇನ್ನೊಂದು ಹೇಳ್ತೀನಿ. ಇವತ್ತು ಆ ಸಾಲು ಹೇಳೋಕೆ ನಮಗೆ ಬಾಯೇ ಬರ್ಲಿಲ್ಲ. ಯಾಕಂದ್ರೆ ಇಷ್ಟು ವರ್ಷ ಅದನ್ನ ಹೇಳ್ತಿದ್ದೋಳು ಅವಳೇ."

"ಡ್ವೋಶೆ? ಹೆಣ ತೊಳೀತಿದ್ಲಾ?"

"ಮತ್ತೆ ಶಾಲು ಹೊದ್ದು ಎಲ್ಲಿಗೆ ಹೋಗ್ತಿದ್ಲು ಅಂದ್ಕೊಂಡ್ರಿ? ಮೀನಿನಂಗಡಿ ಮುಂದೆ ಬಿದ್ದಿರ್ತಿದ್ದ ಆ ಭಿಕ್ಷುಕಿ ಸತ್ತಾಗ ನಮಗೆ ಮುಟ್ಟೋಕೂ ಅಸಹ್ಯ. ಇವಳು ಆ ಗಂಟುಗಂಟು ಕೂದ್ಲನ್ನ ಎಳೆ ಎಳೆಯಾಗಿ ಬಿಡಿಸಿ, ಮದುಮಗಳಿಗೆ ಹೇಳೋ ಹಾಗೆ ಆ ಸಾಲು ಹೇಳಿದ್ಲು. ಕೂದಲು ಅಂದಾಗ ಕೂದಲು ನೋಡೋಳು, ಕೈ ಅಂದಾಗ ಕೈ. ಒಳಾರ್ಥ ಗಿಳಾರ್ಥ ನಮಗೇನು ಗೊತ್ತು? 'ಒಂದ್ಸಲನಾದ್ರೂ ಯಾರಾದ್ರೂ ನೋಡಿ ಹೇಳ್ಬೇಕು ಕಣೇ, ಸತ್ತ ಮೇಲಾದ್ರೂ,' ಅಂತಿದ್ಲು. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ಲು."

ಇನ್ನು ಮುಂದೆ ಈ ಮನೆಯಲ್ಲಿ ತಾನೊಬ್ಬನೇ ಎಂದು ಬೆಳಗಿನಿಂದ ಅಳುತ್ತಿದ್ದ ರೆಬ್ ಯೆರೂಹಾಮರಿಗೆ, ಇದೇ ಮನೆಯಲ್ಲಿ ಅವಳು ಮೊದಲಿನಿಂದಲೂ ಒಬ್ಬಳೇ ಇದ್ದಳು ಎಂಬುದು ಈಗ ಹೊಳೆಯಿತು.

ಅಂಗಳದಲ್ಲಿ ಚಟ್ಟ ಇಳಿಸಿದರು. ಸತ್ತವರಿಗಾಗಿ ಬಟ್ಟೆ ಹರಿದುಕೊಳ್ಳುವ ಪದ್ಧತಿಯಂತೆ ಯಾರೋ ಅವರ ಅಂಗಿಯ ಬಲ ಅಂಚಿಗೆ ಚಾಕು ತಾಗಿಸಿದರು, ಉಳಿದದ್ದನ್ನು ಅವರೇ ಹರಿದುಕೊಂಡರು. ಸುತ್ತ ಗಂಡಸರು, ಹೆಂಗಸರೆಲ್ಲ ಮಹಡಿಯ ಕಟಕಟೆಯ ಹಿಂದೆ.

"ನನ್ನ ಹೆಂಡತಿಯ ಕೈ," ಎಂದರು ರೆಬ್ ಯೆರೂಹಾಮರು.

ಈಗ ಕಲ್ಲಿನ ಹಲಗೆ ಬರುತ್ತದೆಂದು ಕೋಪೆಲ್ ತಲೆದೂಗಿದ. ಬರಲಿಲ್ಲ.

"ನನ್ನ ಹೆಂಡತಿಯ ಕೈ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ನೋಡ್ಲಿಲ್ಲ."

ಜನ ಗುಸುಗುಸು ಮಾತಾಡಿಕೊಂಡರು. ಕೋಪೆಲ್ ಅವರ ತೋಳು ಹಿಡಿದ. "ಗುರುಗಳೇ, ಹೆಂಗಸಿನ ಮೈ ಮಾತು ಇಷ್ಟು ಜನರೆದುರು ಬೇಡ. ನಡೀರಿ, ಎತ್ತೋಣ."

ಅವರು ತೋಳು ಕೊಡವಿಕೊಂಡು ಮಹಡಿಯತ್ತ ನೋಡಿದರು. "ಬ್ರೈನೆ, ನೀನು ಹೇಳಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

ಗಂಡಸರು ಸೇರಿದ ಕಡೆ ಹೆಂಗಸು ದನಿಯೆತ್ತಿದ್ದು ಆ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಬ್ರೈನೆ ಕಟಕಟೆ ಹಿಡಿದು ಮುಂದಕ್ಕೆ ಬಾಗಿದಳು.

"ಸಣ್ಣ ಕೈ," ಎಂದಳು. "ಬಲಗೈ ಹೆಬ್ಬೆರಳ ಬುಡದಲ್ಲಿ ಒಲೆ ಸುಟ್ಟ ಕಲೆ."

"ಸಣ್ಣ ಕೈ," ಎಂದು ರೆಬ್ ಯೆರೂಹಾಮರು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು. "ಬಲಗೈ ಹೆಬ್ಬೆರಳ ಬುಡದಲ್ಲಿ ಒಲೆ ಸುಟ್ಟ ಕಲೆ."

"ಕೂದಲು ಪೂರ್ತಿ ಬೆಳ್ಳಗೆ," ಎಂದು ಇನ್ನೊಬ್ಬಳು ಅಳುತ್ತಾ ಕೂಗಿದಳು. "ಕಿವಿ ಹಿಂದೆ ಮಾತ್ರ ಇನ್ನೂ ಕೆಂಚು."

"ಕೂದಲು ಪೂರ್ತಿ ಬೆಳ್ಳಗೆ. ಕಿವಿ ಹಿಂದೆ ಮಾತ್ರ ಇನ್ನೂ ಕೆಂಚು."

ಚಟ್ಟಕ್ಕೆ ಕೈ ಹಾಕಿದ್ದವರು ಕೈ ತೆಗೆದರು. ಕೋಪೆಲ್ ತಲೆ ತಗ್ಗಿಸಿದ. ರೆಬ್ ಯೆರೂಹಾಮರು ಹರಿದ ಅಂಗಿಯಲ್ಲಿ, ಗಡ್ಡ ಮೇಲೆತ್ತಿ, ಮುಂದಿನ ಮಾತಿಗೆ ಕಾದು ನಿಂತರು.