ಎಡಕ್ಕೆ ತಿರುಗುವ ಕುದುರೆಗಳು

ಶಿವಮೊಗ್ಗಕ್ಕೆ ಎಣ್ಣೆ ಮಿಲ್ಲು ಬಂದಮೇಲೆ ನಮ್ಮ ಗಾಣಕ್ಕೆ ಎಳ್ಳು ತರುವವರೇ ಇಲ್ಲವಾದರು. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ನನ್ನ ಅಣ್ಣ ಷಡಕ್ಷರಪ್ಪ ನನ್ನ ಗಂಡ ಹೊನ್ನಯ್ಯನಿಗೂ ಅಲ್ಲೇ ಕೆಲಸ ಗೊತ್ತುಮಾಡಿದ. ಇವರು ಭದ್ರಾವತಿಗೇನೋ ಬಂದರು, ಕಾರ್ಖಾನೆಯ ಗೇಟು ಮಾತ್ರ ದಾಟಲಿಲ್ಲ. ಕಾರ್ಮಿಕರ ಮನೆಗಳ ಪಕ್ಕದ ಬಯಲಲ್ಲಿ ಕಂಬ ನೆಟ್ಟು, ನಾಲ್ಕು ತೊಲೆ ಜೋಡಿಸಿ, ನಾಲ್ಕು ಮರದ ಕುದುರೆ ಕಟ್ಟಿ, ಮಕ್ಕಳು ಕಾಸು ಕೊಟ್ಟು ಕೂತು ಸುತ್ತುವ ರಾಟೆ ಮಾಡಿದರು. ಎಳೆಯಲು ನಮ್ಮ ಗಾಣದೆತ್ತು ಕೆಂದ.

"ಹಿಂದೆ ರಾಜರ ಸವಾರರು ಇಂಥ ಕುದುರೆ ಮೇಲೆ ಕೂತೇ ಈಟಿ ಹಿಡಿಯೋದು ಕಲೀತಿದ್ರಂತೆ, ಇಂಜಿನಿಯರ್ ಸಾಹೇಬ್ರು ಹೇಳಿದ್ರು" ಎಂದು ಅಣ್ಣ ಅಂದದ್ದೇ ತಪ್ಪಾಯಿತು. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗೆ. "ಸೈರನ್ ಕೂಗಿದಾಗ ಓಡೋ ಚಾಕರಿ ನನಗೆ ಬೇಡ" ಎಂದು ಇವರು ಮೀಸೆ ತಿರುವಿದರು. ನನಗೋ ಆ ಸೈರನ್ನಿನ ಮೇಲೇ ಆಸೆ. ಹೆಂಚಿನ ಮನೆ, ಭಾನುವಾರದ ರಜ. ಯುಗಾದಿಯೊಳಗೆ ರಾಟೆ ಕೈಹತ್ತದಿದ್ದರೆ ಕಾರ್ಖಾನೆ ಸೇರುವುದಾಗಿ ಇವರಿಂದ ಮಾತು ತೆಗೆದುಕೊಂಡೆ.

ಮಕ್ಕಳು ಮುಗಿಬಿದ್ದರು. ಒಂದು ದಿನ ಮೇಷ್ಟರ ಹೆಂಡತಿ ಜಗದಾಂಬಮ್ಮ ಒಂದು ಸುತ್ತು ನೋಡಿದವರೇ ಮೊಮ್ಮಗಳನ್ನು ಕೆಳಗಿಳಿಸಿಕೊಂಡರು.

"ಹುಚ್ಚಮ್ಮ, ಇದು ಎಡಕ್ಕೆ ತಿರುಗುತ್ತಲ್ಲೇ, ಚಿತೆಗೆ ಸುತ್ತು ಬರೋ ಹಾಗೆ. ಮಕ್ಕಳಿಗೆ ಅಪ್ರದಕ್ಷಿಣೆ ಹಾಕಿಸ್ತಾರೇನೇ?"

ಗಾಣದಲ್ಲಿ ಎಣ್ಣೆ ಬಂದರೆ ಸಾಕಿತ್ತು, ಎಡವೋ ಬಲವೋ ಯಾರು ಕೇಳಿದ್ದರು? ಮರುದಿನ ಬಯಲಲ್ಲಿ ಒಂದು ಮಗುವೂ ಇಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ಸಂತೋಷವಾಯಿತು.

ಇವರು ಎತ್ತನ್ನು ಬಲಕ್ಕೆ ತಿರುಗಿಸಲು ನೋಡಿದರು. ಹನ್ನೆರಡು ವರ್ಷ ಎಡಕ್ಕೇ ಸುತ್ತಿದ ಪ್ರಾಣಿ. ಬೆಲ್ಲ ತಿನ್ನಿಸಿದರೂ ಹೆಜ್ಜೆ ಇಡಲಿಲ್ಲ, ಬಾರುಕೋಲು ಬೀಸಿದರೆ ಮೊಣಕಾಲೂರಿ ಕೂತುಬಿಟ್ಟಿತು.

"ಸಾಕು ಬಿಡಿ. ನಾಳೆ ಅಣ್ಣನ ಜೊತೆ ಹೋಗಿ" ಎಂದೆ.

ಇವರು ಎತ್ತಿನ ಕೊರಳಿನ ನೊಗ ಬಿಚ್ಚಿ, ತಮ್ಮ ಹೆಗಲಿಗಿಟ್ಟು, ಬಲಕ್ಕೆ ನಡೆಯತೊಡಗಿದರು.

ಮಕ್ಕಳು ಮತ್ತೆ ಬಂದರು. ಜಗದಾಂಬಮ್ಮನ ಮೊಮ್ಮಗಳೂ ಬಂದಳು. ಯುಗಾದಿ ಕಳೆಯಿತು, ಇವರು ಗೆದ್ದರು. ನಾನು ಸೋತೆ.

ಬೇಸಿಗೆಯ ಒಂದು ಮಧ್ಯಾಹ್ನ ಇವರ ಕಾಲು ನಡುಗುವುದು ದೂರದಿಂದಲೇ ಕಂಡಿತು.

"ಸ್ವಲ್ಪ ಹೊತ್ತು ನಿಲ್ಲಿಸ್ರೀ."

"ನಿಂತರೆ ತಲೆ ತಿರುಗುತ್ತೆ ಮಾರಾಯ್ತಿ. ಸುತ್ತುತ್ತಾ ಇದ್ದರೇ ವಾಸಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿನ ತೊಲೆಗೆ ಹೆಗಲು ಕೊಟ್ಟೆ. ಇವರ ಹೆಜ್ಜೆ ಹಗುರಾಯಿತು. ನಾನು ಕೈಬಿಟ್ಟರೆ ಇವರು ಬಿದ್ದುಬಿಡುತ್ತಾರೆ ಅನ್ನುವುದು ಮೊದಲ ಸುತ್ತಿನಲ್ಲೇ ಗೊತ್ತಾಯಿತು.