ಘಾಟು ಬಾರದ ಮೆಷಿನ್

ದೇರೆಬೈಲಿನ ಅನುಷ್ಕಾ ಎಂದೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಕಾಫಿ ಬೀಜ ಹುರಿಯುವ ಮೆಷಿನ್ ತೆಗೆದುಕೊಂಡರೆ ಒಂದು ಸಲಕ್ಕೆ ಆರು ಕೆಜಿ ಹುರಿಯುವಂಥದ್ದೇ. ಒಂದು ವರ್ಷ ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ, ಅಕ್ಕಪಕ್ಕದವರಿಗೆ ಕೊಟ್ಟು ಅವಳಿಗೆ ಹೆಸರು ಬಂದಿತ್ತು, ರಟ್ಟೆಯೂ ಸೋತಿತ್ತು. ಈಗ ಎರಡು ಹೋಟೆಲಿನವರು ಪುಡಿ ಕೇಳುತ್ತಿದ್ದರು. ಅವಳ ಅಜ್ಜಿ ತಮ್ಮ ಕೋಣೆಗೆ ತಾಗಿದ ಶೆಡ್ಡನ್ನು ಬಿಟ್ಟುಕೊಡಲು ಒಪ್ಪಿದ್ದರು. ಷರತ್ತು ಒಂದೇ: ಮೆಷಿನ್ ಮನೆಗೆ ಬರುವ ಮೊದಲು ಅದಕ್ಕೆ ದೃಷ್ಟಿ ತೆಗೆಯಬೇಕು, ಅದೂ ಅದರದ್ದೇ ಬೆಂಕಿಯಲ್ಲಿ.

ಹಾಗಾಗಿ ಬೈಕಂಪಾಡಿಯಲ್ಲಿ ಮೆಷಿನ್ ಕಟ್ಟಿ ಮಾರುವ ಗೇವಿನ್‌ನ ವರ್ಕ್‌ಶಾಪಿನ ಮುಂದೆ ರಿಕ್ಷಾ ಇಳಿದಾಗ ಮೊಮ್ಮಗಳ ಚೀಲದಲ್ಲಿ ಹಸಿ ಕಾಫಿ ಬೀಜ, ಅಜ್ಜಿಯ ಸೆರಗಿನ ಗಂಟಿನಲ್ಲಿ ಉಪ್ಪು ಮತ್ತು ಒಣಮೆಣಸು.

ಗೇವಿನ್ ಎರಡು ಮೆಷಿನ್ ತೋರಿಸಿದ. ಒಂದು, ರಿಪೇರಿ ಮಾಡಿದ ಹಳೆಯ ಆರು ಕೆಜಿಯದ್ದು. ಇನ್ನೊಂದು, ಅವನೇ ಕಟ್ಟಿದ ಹೊಸ ಎರಡು ಕೆಜಿಯದ್ದು. "ರೇಟು ಎರಡಕ್ಕೂ ಒಂದೇ," ಎಂದ. "ಸಣ್ಣದಕ್ಕೆ ಮಾತ್ರ ಒಳ್ಳೆ ಬ್ಲೋವರ್ ಉಂಟು. ಹೊಗೆ ಎಲ್ಲ ಕೊಳವೆಯಲ್ಲಿ ಮೇಲೆ ಹೋಗ್ತದೆ."

"ದೊಡ್ಡದೇ ಇರಲಿ," ಎಂದಳು ಅನುಷ್ಕಾ, ಅವನ ಮಾತು ಮುಗಿಯುವ ಮೊದಲೇ.

ಗೇವಿನ್ ಬರ್ನರ್ ಹೊತ್ತಿಸಿದ. ಅಜ್ಜಿ ಮೆಷಿನಿಗೆ ಮೂರು ಸುತ್ತು ಮೆಣಸು ನಿವಾಳಿಸಿ, ಊರಿನ ಹೊಟ್ಟೆಕಿಚ್ಚಿನವರನ್ನೆಲ್ಲ ಬಾಯ್ತುಂಬ ಬೈದು, ಉರಿಯೊಳಗೆ ಹಾಕಿದರು. ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ: ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ. ಕಲಿತವರು ಬೇಕಾದರೆ ತಲೆ ಕೆರೆದುಕೊಳ್ಳಲಿ.

ಘಾಟು ಬಂತು, ಅಯ್ಯೋ, ಎಂಥ ಘಾಟು! ಗೇವಿನ್ ಕೆಮ್ಮುತ್ತಾ ರಸ್ತೆಗೆ ಓಡಿದ. ಅನುಷ್ಕಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಮಾತ್ರ ಕಣ್ಣುಮೂಗಲ್ಲಿ ನೀರು ಸುರಿಸುತ್ತಾ ಗೆದ್ದವರ ಹಾಗೆ ನಿಂತಿದ್ದರು.

"ಚೂರೂ ದೃಷ್ಟಿ ಇಲ್ಲ! ಅಡ್ವಾನ್ಸ್ ಕೊಡು ಮಗಾ!"

ಅಷ್ಟು ಹೇಳಿದ ಮೇಲೆ ಅವರಿಗೆ ಉಸಿರು ಸಿಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಎದೆ ಉಜ್ಜಿಕೊಂಡರು. ನಲವತ್ತು ವರ್ಷ ಬೀಡಿ ಕಟ್ಟಿ ಹೊಗೆಸೊಪ್ಪಿನ ಧೂಳು ಕುಡಿದ ಎದೆ ಅದು. ನೀರು ಕುಡಿಸುತ್ತಿದ್ದ ಅನುಷ್ಕಾಳಿಗೆ ಶೆಡ್ಡಿನ ಗೋಡೆಯಾಚೆಗೇ ಅಜ್ಜಿಯ ಮಂಚ ಇರುವುದು ನೆನಪಾಯಿತು. ಆರು ಕೆಜಿ, ಆರು ಕೆಜಿ ಎಂದು ಜಪ ಮಾಡುವಾಗ ಅದೊಂದೇ ಮರೆತುಹೋಗಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಗೇವಿನ್, ಸಣ್ಣದು ಹೊತ್ತಿಸಿ," ಎಂದಳು.

"ಎಂತ ಮಾರಾಯ್ತಿ, ಮರುಳಾ ನಿಂಗೆ?" ಅಜ್ಜಿ ಸಿಡುಕಿದರು. "ಹೋಟೆಲಿನವರು ಕೇಳಿದಷ್ಟು ಇದರಲ್ಲಿ ಹುರಿಲಿಕ್ಕೆ ಆಗ್ತದಾ?"

"ದಿನಕ್ಕೆ ನಾಲ್ಕು ಸಲ ಹುರಿತೇನೆ. ಒಂದು ಹೋಟೆಲ್ ಬಿಟ್ಟುಹೋದ್ರೆ ಹೋಗ್ಲಿ."

ಗೊಣಗುತ್ತಲೇ ಅಜ್ಜಿ ಉಳಿದ ಮೆಣಸು ನಿವಾಳಿಸಿ ಸಣ್ಣದರ ಉರಿಗೆ ಹಾಕಿದರು. ಬ್ಲೋವರ್ ಗುಂಯ್ ಎಂದಿತು. ಮೂವರೂ ಮೂಗು ಅರಳಿಸಿ ಕಾದರು. ಒಂದು ಸೀನೂ ಇಲ್ಲ. ಅಜ್ಜಿಯ ಮುಖ ಸಣ್ಣದಾಯಿತು.

"ದೇವರೇ, ಎಷ್ಟು ದೃಷ್ಟಿ ಉಂಟು ಇದಕ್ಕೆ!"

"ದೃಷ್ಟಿ ಅಲ್ಲ ಅಜ್ಜಿ, ಬ್ಲೋವರ್…" ಎಂದು ಗೇವಿನ್ ಶುರುಮಾಡಿದ. ಅನುಷ್ಕಾ ಅವನಿಗೆ ಸುಮ್ಮನಿರಲು ಕಣ್ಸನ್ನೆ ಮಾಡಿದಳು.

"ಇತ್ತು ಅಜ್ಜಿ. ಈಗ ನೀವು ತೆಗೆದಾಯ್ತಲ್ಲ?" ಎಂದಳು.

ಅಜ್ಜಿ ಯೋಚಿಸಿದರು. ಲೆಕ್ಕ ಸರಿಯೇ ಇತ್ತು. "ಹೌದು, ತೆಗೆದಾಯ್ತು," ಎಂದರು. ಅನುಷ್ಕಾ ಅಡ್ವಾನ್ಸ್ ಕೊಟ್ಟಳು.

ಹಿಂತಿರುಗುವಾಗ ಕೂಳೂರು ಸೇತುವೆಯ ಮೇಲೆ ರಿಕ್ಷಾ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಕೊಂಡಿತು. ಹೊಳೆಯ ಗಾಳಿಗೆ ಅಜ್ಜಿಯ ಉಸಿರು ಹಗುರಾಗಿತ್ತು.

"ನನ್ನ ಎದೆ ನೋಡಿ ದೊಡ್ಡದು ಬಿಟ್ಟದ್ದಲ್ವಾ ನೀನು?"

"ಹೌದು," ಎಂದಳು ಅನುಷ್ಕಾ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ನಂಗೂ ಹೊಗೆಯ ಹೆದರಿಕೆ ಇತ್ತು ಮಗಾ. ಶೆಡ್ಡು ಕೊಡ್ತೇನೆ ಅಂದ ದಿನದಿಂದ ಇತ್ತು. ಹೇಳಿದ್ರೆ ನೀನು ಕಾಫಿಯನ್ನೇ ಬಿಟ್ಟುಬಿಡ್ತೀಯ ಅಂತ ಹೇಳ್ಲಿಲ್ಲ."

ಅನುಷ್ಕಾ ಅಜ್ಜಿಯ ಭುಜಕ್ಕೆ ತಲೆಯಿಟ್ಟಳು.